ಕಂಚಿನ ಪಾಠಾಂತರಗಳು

ಉದ್ಯೋಗನಿಮಿತ್ತವಾಗಿ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಾಸವಾಗಿದ್ದ ಕಾಲದಲ್ಲಿ, ಒಂದು ಶನಿವಾರದ ಸಂತೆಯಲ್ಲಿ, ಹಳೆಯ ಚಮಚಗಳು, ನಿಂತುಹೋದ ಗಡಿಯಾರಗಳು, ಬಣ್ಣ ಮಾಸಿದ ಚಿತ್ರಪಟಗಳು ಮೊದಲಾದುವನ್ನು ಹರಡಿಕೊಂಡು ಕುಳಿತಿದ್ದ ವೃದ್ಧ ವ್ಯಾಪಾರಿಯೊಬ್ಬರ ಮೇಜಿನ ಮೂಲೆಯಲ್ಲಿ, ಬಾಯಿಗೆ ಹುರಿ ಬಿಗಿದ ಸಣ್ಣದೊಂದು ಬಟ್ಟೆಯ ಚೀಲ ಕಣ್ಣಿಗೆ ಬಿದ್ದಿತು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಹುರಿ ಬಿಚ್ಚಿದಾಗ ಒಳಗೆ ಕಂಡುದು ಚಲಾವಣೆಯಿಂದ ಎಂದೋ ಹೊರಬಿದ್ದ ಬ್ರಿಟಿಷ್ ಪೆನ್ನಿಗಳು. ಕೆಲವು ಕಾಫಿಯ ಬಣ್ಣದವು, ಕೆಲವು ಹೊಗೆ ಹಿಡಿದ ಜಂತಿಯಂತೆ ಕಪ್ಪಾದವು, ಒಂದೆರಡರ ಅಂಚಿನಲ್ಲಿ ಹಸಿರು ಕಿಲುಬು. ಕೇಳಿದ ಅಲ್ಪಮೊತ್ತವನ್ನು ಕೊಟ್ಟು ಹೊರಡುವವನಿದ್ದೆ. ಆ ಹಿರಿಯರು ತಡೆದು, ಒಂದನ್ನೇ ಹಿಡಿದುಕೊಂಡು ಎಷ್ಟು ಹೊತ್ತು ನೋಡಿದರೂ ಪ್ರಯೋಜನವಿಲ್ಲ, ಒಂದೇ ವರ್ಷದ ಎರಡನ್ನು ಜೊತೆಗಿಟ್ಟು ನೋಡಿ, ಎಂದರು. ಅಷ್ಟೆ ಅವರ ಉಪದೇಶ. ಮನೆಗೆ ತಂದು ಎಣಿಸಿದೆ, 114 ಇದ್ದುವು. ತೂಗಿದೆ, ಒಂದು ಕಿಲೋಗ್ರಾಮಿಗೆ ತುಸು ಮಿಗಿಲು. ಅವು ಬದುಕಿದ್ದ ದಿನಗಳ ಲೆಕ್ಕದಲ್ಲಿ ಅದು ಒಂಬತ್ತು ಷಿಲಿಂಗು ಆರು ಪೆನ್ಸು.

ಆ ರಾತ್ರಿ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದಾಗ ನನಗೆ ಕಂಡದ್ದು ಒಂದು ಕಡೆ ಯಾರೋ ರಾಜ ಅಥವಾ ರಾಣಿ, ಮತ್ತೊಂದು ಕಡೆ ತ್ರಿಶೂಲ ಹಿಡಿದು ಕುಳಿತ ಒಬ್ಬ ಹೆಂಗಸು. ಇಷ್ಟನ್ನು ಬಿಟ್ಟರೆ ಇಸವಿಗಳಲ್ಲಿ ಮಾತ್ರ ಭೇದ. ಆರು ತಿಂಗಳು ಕಳೆಯುವ ಹೊತ್ತಿಗೆ ಅದೇ 114 ನಾಣ್ಯಗಳು ನನಗೆ ಎಪ್ಪತ್ತಕ್ಕೂ ಮಿಕ್ಕ ಬಗೆಗಳಾಗಿ ಕಾಣತೊಡಗಿದುವು. ನಾಣ್ಯಗಳಲ್ಲಿ ಬದಲಾದುದು ಏನೂ ಇಲ್ಲ. ನನ್ನ ಕಣ್ಣು ಓದುವುದನ್ನು ಕಲಿತಿತ್ತು. ಆ ಕಲಿಕೆಯ ಕ್ರಮವನ್ನೂ, ಅದರಿಂದ ನನಗೆ ದೊರೆತ ಆನಂದವನ್ನೂ ಓದುಗರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ಕಂಚು ಬಂದುದು

ಬ್ರಿಟನ್ನಿನ ಕಂಚಿನ ಪೆನ್ನಿ ಹುಟ್ಟಿದ್ದು 1860ರಲ್ಲಿ. ಅದಕ್ಕೆ ಮುಂಚೆ ಇದ್ದ ತಾಮ್ರದ ಪೆನ್ನಿ ಸುಮಾರು 34 ಮಿಲಿಮೀಟರ್ ಅಗಲದ, ಜೇಬನ್ನು ಹರಿಯುವಂಥ ತೂಕದ ಬಿಲ್ಲೆ. ಹೊಸದು 95 ಪಾಲು ತಾಮ್ರ, 4 ಪಾಲು ತವರ, 1 ಪಾಲು ಸತುವು ಬೆರೆತ ಲೋಹದಿಂದಾದ, 30.8 ಮಿಲಿಮೀಟರ್ ಅಗಲದ, 9.45 ಗ್ರಾಂ ತೂಕದ ನಾಣ್ಯ. ಎಂದರೆ ಹಿಂದಿನದರ ಅರ್ಧದಷ್ಟೇ ಭಾರ. ಈ ತೂಕವನ್ನು ಯಾದೃಚ್ಛಿಕವಾಗಿ ಗೊತ್ತುಮಾಡಿರಲಿಲ್ಲ. ಮೂರು ಪೆನ್ನಿಗಳು ಸೇರಿದರೆ ಸರಿಯಾಗಿ ಒಂದು ಔನ್ಸು, ನಲವತ್ತೆಂಟು ಸೇರಿದರೆ ಒಂದು ಪೌಂಡು ತೂಕ. ಆದುದರಿಂದ ಮನೆಯಲ್ಲಿ ತೂಕದ ಕಲ್ಲಿಲ್ಲದ ಬಡವರು ಕಾಗದವನ್ನೋ ಸಂಬಾರವನ್ನೋ ತೂಗಬೇಕಾದಾಗ ತಕ್ಕಡಿಯ ಒಂದು ತಟ್ಟೆಗೆ ಪೆನ್ನಿಗಳನ್ನೇ ಹಾಕಬಹುದಾಗಿತ್ತು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗು, ಇನ್ನೂರನಲವತ್ತಕ್ಕೆ ಒಂದು ಪೌಂಡು ಹಣ ಎಂಬ ಆ ಪುರಾತನ ಗಣನೆ 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿಗೆ ಎಡೆಗೊಟ್ಟಿತು; ಅದೇ ವರ್ಷದ ಆಗಸ್ಟ್ ತಿಂಗಳು ಮುಗಿಯುವಾಗ ಹಳೆಯ ಪೆನ್ನಿ ಶಾಸನಬದ್ಧ ಹಣವಾಗಿ ಉಳಿಯಲಿಲ್ಲ.

ಆ ನೂರಹನ್ನೊಂದು ವರ್ಷಗಳ ಉದ್ದಕ್ಕೂ ಹಳೆಯದನ್ನು ಹಿಂದಕ್ಕೆ ಕರೆಸಿಕೊಳ್ಳದೆ ಹೊಸದನ್ನು ಸೇರಿಸುತ್ತ ಹೋದುದರಿಂದ, 1960ರ ದಶಕದಲ್ಲಿ ರೊಟ್ಟಿಯಂಗಡಿಯಲ್ಲಿ ಚಿಲ್ಲರೆ ಪಡೆದವನ ಅಂಗೈಯಲ್ಲಿ ವಿಕ್ಟೋರಿಯಾ ರಾಣಿಯಿಂದ ಹಿಡಿದು ಆಕೆಯ ಮರಿಮಗನ ಮಗಳಾದ ಎಲಿಜಬೆತ್ ರಾಣಿಯವರೆಗಿನ ಒಂದು ಶತಮಾನ ಒಟ್ಟಿಗೆ ಬಂದು ಕುಳಿತಿರುತ್ತಿತ್ತು. ದಶಮಾಂಶ ಪದ್ಧತಿ ಬರಲಿದೆಯೆಂಬ ವಾರ್ತೆ ಹಬ್ಬಿದಾಗ ಸಾಮಾನ್ಯ ಜನರೂ ವಿದ್ಯಾರ್ಥಿಗಳೂ ಬ್ಯಾಂಕುಗಳಿಂದ ಪೆನ್ನಿಯ ಚೀಲಗಳನ್ನು ತಂದು, ರಾತ್ರಿಯೆಲ್ಲ ಹುಡುಕಿ, ಬೇಕಾದುದನ್ನು ಆಯ್ದುಕೊಂಡು, ಉಳಿದುದನ್ನು ಮರಳಿ ಕಟ್ಟಿ ಕೊಡುತ್ತಿದ್ದರು. ಆ ಕಾಲದಲ್ಲೇ, 1970ರಲ್ಲಿ, ಮೈಕೆಲ್ ಫ್ರೀಮನ್ ಅವರ ಕಂಚಿನ ನಾಣ್ಯಗಳ ಗ್ರಂಥ ಹೊರಬಂದಿತು. ಅದಕ್ಕೆ ಹತ್ತು ವರ್ಷ ಮೊದಲು, ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಆಧರಿಸಿ ವಿಲ್ಸನ್ ಪೆಕ್ ಅವರು ರಚಿಸಿದ ಬೃಹತ್ ಸೂಚಿ ಈ ವಿದ್ಯೆಗೆ ತಳಪಾಯವನ್ನು ಹಾಕಿದ್ದಿತು. ಫ್ರೀಮನ್ ಅವರ ಪದ್ಧತಿ ಸರಳ: ನಾಣ್ಯದ ಮುಖದ ಒಂದೊಂದು ಬಗೆಗೆ ಒಂದು ಅಂಕಿ, ಬೆನ್ನಿನ ಒಂದೊಂದು ಬಗೆಗೆ ಒಂದು ಅಕ್ಷರ, ಎರಡನ್ನೂ ಕೂಡಿಸಿ ‘6+ಜಿ’ ಎಂದರೆ ಬಲ್ಲವನಿಗೆ ಇಡೀ ನಾಣ್ಯ ಕಣ್ಣೆದುರು ನಿಲ್ಲುತ್ತದೆ.

ಮಾತೃಕೆಯೂ ಪ್ರತಿಯೂ

ಈ ಭೇದಗಳನ್ನು ಇಂಗ್ಲಿಷಿನವರು ಏನೆಂದಾದರೂ ಕರೆಯಲಿ, ಕನ್ನಡದಲ್ಲಿ ಅವಕ್ಕೆ ಸಿದ್ಧವಾದ ಒಂದು ಮಾತು ನಮ್ಮಲ್ಲಿಯೇ ಇದೆಯೆಂದು ನನಗೆ ತೋರಿತು: ಅದು ಪಾಠಾಂತರ. ಓಲೆಗರಿಯ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸನು ಬೇರೆ ಬೇರೆ ಊರುಗಳಿಂದ ತರಿಸಿದ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಇಲ್ಲಿ ಒಂದು ಕೊಂಬು ಹೆಚ್ಚು, ಅಲ್ಲಿ ಒಂದು ಒತ್ತು ಕಡಮೆ, ಈ ಲಿಪಿಕಾರ ಇಂಥ ಅಕ್ಷರವನ್ನು ಹೀಗೆ ತಿರುವುತ್ತಾನೆ, ಆತ ಈ ಸಾಲನ್ನು ಬಿಟ್ಟು ಬರೆದಿದ್ದಾನೆ ಎಂದು ಗುರುತಿಸುತ್ತ, ಕಡೆಗೆ ಯಾವ ಪ್ರತಿ ಯಾವ ಮಾತೃಕೆಯಿಂದ ಇಳಿದು ಬಂದುದೆಂಬ ವಂಶವೃಕ್ಷವನ್ನೇ ಕಟ್ಟಿ ನಿಲ್ಲಿಸುವನಷ್ಟೆ. ನಾಣ್ಯದ ಓದೂ ಅಕ್ಷರಶಃ ಅದೇ ಕೆಲಸ. ಏಕೆಂದರೆ ನಾಣ್ಯವೂ ಮಾತೃಕೆಯಿಂದ ಇಳಿದ ಪ್ರತಿ.

ಟಂಕಸಾಲೆಯಲ್ಲಿ ನಡೆಯುವುದು ಇಷ್ಟು. ಶಿಲ್ಪಿಯ ಕಲ್ಪನೆಯನ್ನು ಮೊದಲು ಉಕ್ಕಿನ ತುದಿಯಲ್ಲಿ ಉಬ್ಬಾಗಿ ಮೂಡಿಸುತ್ತಾರೆ. ಆ ಉಬ್ಬಚ್ಚನ್ನು ಕಾಸಿ ಹದಗೊಳಿಸಿ ಮೆತ್ತಗಿನ ಇನ್ನೊಂದು ಉಕ್ಕಿನ ಮೇಲೆ ಒತ್ತಿದಾಗ ತಗ್ಗಾದ ತಾಯಚ್ಚು ದೊರೆಯುತ್ತದೆ. ತಾಯಚ್ಚಿನಿಂದ ಮತ್ತೆ ಉಬ್ಬಚ್ಚುಗಳು, ಅವುಗಳಿಂದ ಕೆಲಸದ ಅಚ್ಚುಗಳು. ಈ ಕಡೆಯ ಅಚ್ಚುಗಳೆರಡರ ನಡುವೆ ಕಂಚಿನ ಬಿಲ್ಲೆಯನ್ನಿಟ್ಟು ಅದುಮಿದರೆ ಪೆನ್ನಿ. ಅಚ್ಚು ಸವೆಯುತ್ತದೆ, ಸೀಳುತ್ತದೆ. ಬದಲಿಗೆ ಹೊಸದು ಬರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಸವಿಯ ಅಂಕಿಗಳನ್ನು ಅನೇಕ ಅಚ್ಚುಗಳಲ್ಲಿ ಕೆಲಸಗಾರನು ಒಂದೊಂದಾಗಿ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸುತ್ತಿದ್ದನು. ಅವನ ಕೈ ಎಡಕ್ಕೆ ಒಂದೆಳೆ ವಾಲಿದರೆ ಇಸವಿ ಇಕ್ಕಟ್ಟಾಯಿತು, ಬಲಕ್ಕೆ ಸರಿದರೆ ಅಗಲವಾಯಿತು. 1875 ಮತ್ತು 1879ರ ಪೆನ್ನಿಗಳಲ್ಲಿ ಇಕ್ಕಟ್ಟಿನ ಇಸವಿ, ಅಗಲದ ಇಸವಿ ಎಂಬ ಎರಡು ಕುಲಗಳೇ ಇವೆ. 1864ರ ನಾಣ್ಯಗಳಲ್ಲಿ 4ರ ಅಡ್ಡಗೆರೆಯ ತುದಿ ಕೆಲವದರಲ್ಲಿ ಬೋಳು, ಕೆಲವದರಲ್ಲಿ ಅಲ್ಲೊಂದು ಪುಟ್ಟ ನಿಲುಗೀಟು. 1863 ಎಂದಿದ್ದ ಅಚ್ಚನ್ನು ವ್ಯರ್ಥಮಾಡಲಾರದೆ 3ರ ಮೇಲೆಯೇ 5ನ್ನು ಹೊಡೆದು 1865 ಮಾಡಿದ ನಾಣ್ಯವೂ ಉಂಟು. ಭೂತಗನ್ನಡಿಯಲ್ಲಿ ನೋಡಿದರೆ 5ರ ಹೊಟ್ಟೆಯೊಳಗಿಂದ 3 ಇಣುಕುವುದು ಕಾಣುತ್ತದೆ. ಮಿತವ್ಯಯಿಯಾದ ಅಜ್ಞಾತ ಕುಶಲಕರ್ಮಿಯೊಬ್ಬನ ಒಂದು ಮಧ್ಯಾಹ್ನದ ಕೆಲಸ ಹಾಗೆ ನಮ್ಮ ಅಂಗೈಗೆ ಬಂದು ಸೇರುತ್ತದೆ.

ತುರುಬಿನ ರಾಣಿ

ಕಲಿಯತೊಡಗುವವನು 1860ರಿಂದ 1894ರವರೆಗಿನ ಪೆನ್ನಿಗಳಿಂದ ತೊಡಗುವುದೇ ಲೇಸು. ಅವನ್ನು ರೂಪಿಸಿದವನು ಲೆನರ್ಡ್ ಚಾರ್ಲ್ಸ್ ವಯಾನ್. ಅಚ್ಚು ಕೊರೆಯುವುದು ಅವನಿಗೆ ಕುಲವಿದ್ಯೆ, ತಂದೆ ವಿಲಿಯಂ ವಯಾನ್ ಅದೇ ಟಂಕಸಾಲೆಯಲ್ಲಿ ಪ್ರಖ್ಯಾತನಾಗಿದ್ದವನು. ಮುಖದಲ್ಲಿ ಕೂದಲನ್ನು ಹಿಂದಕ್ಕೆ ತುರುಬು ಕಟ್ಟಿ, ಲಾರೆಲ್ ಎಲೆಯ ಮಾಲೆಯನ್ನು ಮುಡಿದ ವಿಕ್ಟೋರಿಯಾ. ಈ ತುರುಬಿನಿಂದಲೇ ಸಂಗ್ರಾಹಕರು ಇವನ್ನೆಲ್ಲ ತುರುಬಿನ ಪೆನ್ನಿಗಳೆಂದು ಕರೆಯುತ್ತಾರೆ. ಬೆನ್ನಿನಲ್ಲಿ ಶಿರಸ್ತ್ರಾಣ ಧರಿಸಿ, ಒಂದು ಕೈಯನ್ನು ಗುರಾಣಿಯ ಮೇಲಿಟ್ಟು, ಇನ್ನೊಂದರಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ, ಎಂದರೆ ಹೆಣ್ಣಿನ ರೂಪ ತಾಳಿದ ಬ್ರಿಟನ್. ಆಕೆಯ ಹಿಂದೆ ಕಡಲು, ನಮ್ಮ ಎಡಕ್ಕೆ ದೀಪಸ್ತಂಭ, ಬಲಕ್ಕೆ ಹಾಯಿ ಬಿಚ್ಚಿದ ಹಡಗು.

ಮೊದಲು ಅಂಚನ್ನು ನೋಡಬೇಕು. 1860ರ ಆರಂಭದ ನಾಣ್ಯಗಳ ಸುತ್ತ ಕೋದ ಮಣಿಗಳಂಥ ಗುಂಡು ಚುಕ್ಕೆಗಳ ಸಾಲು. ಅದೇ ವರ್ಷದಲ್ಲಿಯೇ ಅದನ್ನು ಬಿಟ್ಟು ಬಾಚಣಿಗೆಯ ಹಲ್ಲಿನಂಥ ಗೀಟುಗಳನ್ನು ತಂದರು. ಒಂದು ಮುಖಕ್ಕೆ ಮಣಿಯಂಚು, ಇನ್ನೊಂದಕ್ಕೆ ಹಲ್ಲಂಚು ಇರುವ ಬೆರಕೆಯ ನಾಣ್ಯಗಳು ಅತಿ ವಿರಳ; ಅಚ್ಚುಗಳನ್ನು ಬದಲಾಯಿಸುತ್ತಿದ್ದ ಆ ಸಂಧಿಕಾಲದಲ್ಲಿ ಹಳೆಯದೊಂದು ಹೊಸದೊಂದು ಒಂದೇ ಯಂತ್ರದಲ್ಲಿ ಜೊತೆಗೂಡಿದುದರ ಕುರುಹು ಅವು. ಎರಡನೆಯದಾಗಿ ಸಹಿಯನ್ನು ಹುಡುಕಬೇಕು: ಮೊದಲ ಅಚ್ಚುಗಳಲ್ಲಿ ರಾಣಿಯ ಎದೆಯ ಕೆಳಗೆ ವಯಾನನ ಹೆಸರೂ, ಬೆನ್ನಿನಲ್ಲಿ ಅವನ ಹೆಸರಿನ ಮೂರು ಮೊದಲಕ್ಷರಗಳೂ ಕಾಣುತ್ತವೆ, ಮುಂದೆ ಅವು ಮಾಯವಾಗುತ್ತವೆ. ಮೂರನೆಯದು ಎಲೆಗಳ ಎಣಿಕೆ. ರಾಣಿಯ ತಲೆಯ ಮಾಲೆಯಲ್ಲಿ ಕೆಲವು ಮುಖಗಳಿಗೆ ಹದಿನೈದು ಎಲೆ, ಕೆಲವಕ್ಕೆ ಹದಿನಾರು, ಇನ್ನು ಕೆಲವಕ್ಕೆ ಹದಿನೇಳು. ದೇವರ ಮುಂದೆ ಲಕ್ಷಬತ್ತಿಯನ್ನು ಎಣಿಸಿಡುವ ತಾಳ್ಮೆ ಈ ಎಣಿಕೆಗೆ ಬೇಕು. ಮುಂಭಾಗದ ಎಲೆ ಸವೆದು ಕೂದಲಿನೊಳಗೆ ಸೇರಿಹೋಗಿದ್ದರೆ ಮೂರು ಸಲ ಎಣಿಸಿದರೂ ಮೂರು ಉತ್ತರ ಬರುವುದುಂಟು. ನಾಲ್ಕನೆಯದಾಗಿ ಮುಖಭಾವ: 1874ರಿಂದ ಮುಂದಕ್ಕೆ ರಾಣಿಯ ಕೆನ್ನೆಗೂ ಗಲ್ಲಕ್ಕೂ ವಯಸ್ಸು ಮೆಲ್ಲನೆ ಏರುತ್ತ ಹೋಗುವುದನ್ನು ಸಾಲಾಗಿಟ್ಟು ನೋಡಿದಾಗ ಕಾಣಬಹುದು.

ಇನ್ನು ಇಸವಿಯ ಕೆಳಗೆ ಕಣ್ಣು ಹಾಯಿಸಬೇಕು. ಲಂಡನ್ನಿನ ರಾಜಟಂಕಸಾಲೆಗೆ ಕೆಲಸ ಮೀರಿದಾಗ ಬರ್ಮಿಂಗ್‌ಹ್ಯಾಮಿನ ಹೀಟನ್ ಎಂಬ ಖಾಸಗಿ ಟಂಕಸಾಲೆಗೆ ಗುತ್ತಿಗೆ ಕೊಡುತ್ತಿದ್ದರು. ಅಲ್ಲಿಂದ ಬಂದ 1874, 1875, 1876, 1881 ಮತ್ತು 1882ರ ಪೆನ್ನಿಗಳಲ್ಲಿ ಇಸವಿಯ ಕೆಳಗೆ ಎಚ್ ಎಂಬ ಪುಟಾಣಿ ಅಕ್ಷರವಿದೆ. 1876ರ ಪೆನ್ನಿಗಳೆಲ್ಲವೂ ಎಚ್ ಉಳ್ಳವೇ. 1882ರಲ್ಲಿ ಎಚ್ ಇಲ್ಲದುದು ದೊರೆತರೆ ಅದು ಮಹಾ ಅಪೂರ್ವ. ಆದರೆ ಸವೆತದಿಂದ ಅಕ್ಷರ ಅಳಿಸಿಹೋದುದನ್ನು ಅಕ್ಷರವೇ ಇಲ್ಲದ್ದೆಂದು ಭ್ರಮಿಸುವುದು ಸುಲಭವಾದುದರಿಂದ, ಅಂಥದು ಕೈಗೆ ಬಂದಾಗ ಹಿಗ್ಗುವುದಕ್ಕೆ ಮೊದಲು ಸಂಶಯಪಡುವುದನ್ನು ಕಲಿಯತಕ್ಕದ್ದು. ಇಲ್ಲವೆಂಬುದನ್ನು ಸಾಧಿಸುವುದು ಇರುವುದನ್ನು ತೋರಿಸುವುದಕ್ಕಿಂತ ಕಷ್ಟ. ನಾನು ವಾಸವಾಗಿದ್ದ ಊರಿನಲ್ಲೇ ಅಚ್ಚಾದ ಎಚ್ ಪೆನ್ನಿಗಳು ನನ್ನ ಚೀಲದಲ್ಲಿ ಒಂಬತ್ತು ಸಿಕ್ಕಿದುವು. ಅವು ಲಂಡನ್ನಿಗೂ ಎಲ್ಲೆಲ್ಲಿಗೋ ತಿರುಗಿ ಮತ್ತೆ ತಾವು ಹುಟ್ಟಿದೂರಿನ ಸಂತೆಗೆ ಬಂದು ನಿಂತಿದ್ದುವೆಂದು ನೆನೆದಾಗ, ತವರಿಗೆ ಮರಳಿದ ಹೆಣ್ಣುಮಕ್ಕಳನ್ನು ಕಂಡಂತಾಯಿತು.

ಹುಣಸೆಹಣ್ಣೂ ನೀರಿನ ಮಟ್ಟವೂ

ಆ ಚಳಿಗಾಲದಲ್ಲಿ ನನ್ನ ತಾಯಿ ಊರಿನಿಂದ ಬಂದು ನನ್ನೊಡನೆ ಕೆಲವು ತಿಂಗಳು ಇದ್ದರು. ನಾನು ಕೆಲಸಕ್ಕೆ ಹೋಗಿದ್ದಾಗ, ಮಗನು ದಿನವೂ ಮುಂದಿಟ್ಟುಕೊಂಡು ಕೂಡುವ ಈ ಕಾಸುಗಳಿಗೆ ಇಷ್ಟು ಕಿಲುಬು ಹಿಡಿದಿದೆಯಲ್ಲ ಎಂದು ಮರುಗಿ, ಊರಿನಿಂದ ತಂದಿದ್ದ ಹುಣಸೆಹಣ್ಣನ್ನು ನೆನೆಹಾಕಿ, ದೇವರ ತಂಬಿಗೆಯನ್ನು ಬೆಳಗುವಂತೆ ಮೂರು ಪೆನ್ನಿಗಳನ್ನು ಉಜ್ಜಿ ಉಜ್ಜಿ ಬೆಳಗಿದ್ದರು. ಸಂಜೆ ಬಂದಾಗ, “ಬಾಪ್ಪಾ, ಹೆಂಗೆ ಫಳಫಳ ಅಂತಿವೆ ನೋಡು” ಎಂದು ಅಂಗೈ ಮುಂದೆ ಚಾಚಿದರು. ಕಾಫಿಯ ಬಣ್ಣದ ಚರ್ಮ ಹೋಗಿ ಹಸಿಗಾಯದಂಥ ಕೆಂಪು ತೋರಿತ್ತು. ಮೂರರಲ್ಲಿ ಒಂದು 1860ರ ಮಣಿಯಂಚಿನ ಪೆನ್ನಿ.

ಕಂಚಿನ ಮೇಲೆ ದಶಕಗಳ ಗಾಳಿ, ತೇವ, ಬೆರಳುಗಳ ಬೆವರು ಇವುಗಳಿಂದ ಕಟ್ಟಿಕೊಳ್ಳುವ ಆ ಕಂದು ಪೊರೆ ಕೊಳೆಯಲ್ಲ. ಅದು ಲೋಹವು ತಾನೇ ನೆಯ್ದುಕೊಂಡ ಹೊದಿಕೆ, ಒಳಗಿನ ರೇಖೆಗಳನ್ನು ಕಾಯುವ ಕವಚ. ಹುಳಿ ತಾಗಿದೊಡನೆ ಅದು ಕರಗುತ್ತದೆ. ಉಜ್ಜಿದೊಡನೆ ಕೂದಲೆಳೆಯಂಥ ರೇಖೆಗಳು ಅಳಿಯುತ್ತವೆ. ನಾಣ್ಯಪರೀಕ್ಷಕನು ತೊಳೆಯದೆ, ಉಜ್ಜದೆ, ಅಂಚನ್ನು ಮಾತ್ರ ಎರಡು ಬೆರಳುಗಳಿಂದ ಹಿಡಿದು, ಒಂದೇ ಕಡೆಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ, ಹತ್ತುಪಟ್ಟು ಹಿರಿದಾಗಿಸುವ ಭೂತಗನ್ನಡಿಯಿಂದ ನೋಡತಕ್ಕದ್ದು. ನೇರವಾಗಿ ಬಿದ್ದ ಬೆಳಕಿನಲ್ಲಿ ಮರೆಯಾದ ಅಕ್ಷರ ಓರೆಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಹೊಲದಲ್ಲಿ ಬಿದ್ದಿರುವ ವೀರಗಲ್ಲಿನ ಶಾಸನವನ್ನು ನಡುಹಗಲಿನಲ್ಲಿ ಓದಲಾರದವರು ಸಂಜೆಯ ಬಿಸಿಲಿಗಾಗಿ ಕಾಯುವುದೂ ಇದೇ ಕಾರಣಕ್ಕೆ. ಇದನ್ನೆಲ್ಲ ತಾಯಿಗೆ ಮೆಲ್ಲನೆ ವಿವರಿಸಿದೆ. ಅವರು ಬಹಳ ನೊಂದುಕೊಂಡರು. ಮಾರನೆಯ ದಿನದಿಂದ ಕನ್ನಡಕವನ್ನು ಒರೆಸಿಕೊಂಡು ನನ್ನ ಎದುರಿಗೆ ತಾವೂ ಕುಳಿತರು.

ಆ ಹೊತ್ತಿಗೆ ನಾನು ತುರುಬಿನ ಪೆನ್ನಿಗಳನ್ನು ಮುಗಿಸಿ ಮುಂದಿನ ಕಾಲಕ್ಕೆ ಬಂದಿದ್ದೆ. 1895ರಲ್ಲಿ ಥಾಮಸ್ ಬ್ರಾಕ್ ಎಂಬ ಶಿಲ್ಪಿ ಮಾಡಿದ, ಮುಸುಕು ಹೊದ್ದ ವೃದ್ಧ ವಿಕ್ಟೋರಿಯಾಳ ಮುಖ ಬಂದಿತು. ಬೆನ್ನಿನಲ್ಲಿ ದೀಪಸ್ತಂಭವೂ ಹಡಗೂ ಹೋದುವು. ಆ ಮೊದಲ ವರ್ಷದ ನಾಣ್ಯಗಳಲ್ಲಿ ಬ್ರಿಟಾನಿಯಾಳ ತ್ರಿಶೂಲಕ್ಕೂ ‘ಪೆನ್ನಿ’ ಎಂಬ ಪದದ ಮೊದಲಕ್ಷರಕ್ಕೂ ನಡುವಿನ ಅಂತರ ಹೆಚ್ಚಿನವುಗಳಲ್ಲಿ ಒಂದು ಮಿಲಿಮೀಟರ್, ವಿರಳವಾದ ಕೆಲವದರಲ್ಲಿ ಎರಡು. ಒಂದನ್ನೇ ನೋಡಿದವನಿಗೆ ಇದು ಹೊಳೆಯಲಾರದು. ಎರಡನ್ನು ಜೊತೆಗಿಟ್ಟವನಿಗೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸಂತೆಯ ಹಿರಿಯರ ಮಾತಿನ ಅರ್ಥ ನನಗೆ ಪೂರ್ಣವಾಗಿ ಆದದ್ದು ಇಲ್ಲಿ.

ಎಡ್ವರ್ಡ್ ದೊರೆಯ 1902ರ ಪೆನ್ನಿಗಳು ಚೀಲದಲ್ಲಿ ಮೂರಿದ್ದುವು. ಆ ವರ್ಷದ್ದರಲ್ಲಿ ಪ್ರಸಿದ್ಧವಾದ ಪಾಠಾಂತರವೊಂದಿದೆಯೆಂದು ಓದಿದ್ದೆನಾದರೂ ಎರಡು ಸಂಜೆ ನೋಡಿದರೂ ನನಗೆ ಮೂರೂ ಒಂದೇ ಆಗಿ ಕಂಡುವು. ತಾಯಿ ಮೂರನ್ನೂ ತಮ್ಮ ಕಡೆಗೆ ಎಳೆದುಕೊಂಡು, ಸ್ವಲ್ಪ ಹೊತ್ತು ಮೌನವಾಗಿದ್ದು, ನಡುವಿನದರ ಮೇಲೆ ಬೆರಳಿಟ್ಟು, “ಇದರಲ್ಲಿ ನೀರು ಇಳಿದದೆ” ಎಂದರು. ನಾನು ಬಾಗಿ ನೋಡಿದೆ. ನಿಜ. ಉಳಿದೆರಡರಲ್ಲಿ ಕಡಲಿನ ರೇಖೆ ಬ್ರಿಟಾನಿಯಾಳ ಕಾಲುಗಳು ಒಂದನ್ನೊಂದು ಹಾಯುವ ಸ್ಥಳಕ್ಕಿಂತ ಮೇಲೆ ನಿಂತಿದ್ದರೆ, ಇದರಲ್ಲಿ ಆ ಸ್ಥಳದ ಮಟ್ಟಕ್ಕೆ ತಗ್ಗಿತ್ತು. ಇಂಗ್ಲಿಷ್ ಸಂಗ್ರಾಹಕರು ಈ ನಾಣ್ಯವನ್ನು ‘ಇಳಿತದ ಪೆನ್ನಿ’ ಎಂದೇ ಕರೆಯುತ್ತಾರೆ. ತಾಯಿಗೆ ಆ ಹೆಸರು ತಿಳಿದಿರಲಿಲ್ಲ. ಅವರು ಹುಟ್ಟಿ ಬೆಳೆದದ್ದು ತುಮಕೂರು ಸೀಮೆಯ ಕೆರೆಯ ಕೆಳಗಿನ ಗದ್ದೆಯ ಮನೆಯಲ್ಲಿ. ಬೇಸಗೆಯಲ್ಲಿ ಬೆಳಗ್ಗೆ ಎದ್ದವರು ಮೊದಲು ಏರಿ ಹತ್ತಿ, ತೂಬಿನ ಕಲ್ಲಿನ ಮೇಲೆ ನೀರು ಎಷ್ಟಿದೆ, ನೆನ್ನೆಗಿಂತ ಎಷ್ಟು ಇಳಿದಿದೆ ಎಂದು ನೋಡುವ ಮನೆ ಅದು. ಎಲೆ ಎಣಿಸುವುದನ್ನು ಪುಸ್ತಕ ನನಗೆ ಕಲಿಸಿತ್ತು. ನೀರಿನ ಮಟ್ಟವನ್ನು ನೋಡುವುದನ್ನು ಕೆರೆಯೇ ಅವರಿಗೆ ಕಲಿಸಿತ್ತು.

ಅಂದಿನಿಂದ ನನಗೆ ದೃಢವಾದ ನಂಬಿಕೆಯೊಂದು ಉಂಟಾಯಿತು: ಸೂಕ್ಷ್ಮದೃಷ್ಟಿಯೆಂಬುದು ಕಣ್ಣಿನ ಹುಟ್ಟುಗುಣವಲ್ಲ, ಬದುಕಿಗೆ ಯಾವುದು ಮುಖ್ಯವಾಗಿತ್ತೋ ಅದನ್ನು ದಿನದಿನವೂ ಹೋಲಿಸಿ ನೋಡಿದುದರ ಫಲ. ಅಕ್ಕಸಾಲೆ ಒರೆಗಲ್ಲಿನ ಗೆರೆಯನ್ನು, ನೇಯ್ಗೆಯವನು ಸೆರಗಿನ ಎಳೆಯನ್ನು, ಕೆರೆಯ ಮಗಳು ನೀರಿನ ರೇಖೆಯನ್ನು ನೋಡಬಲ್ಲಂತೆ, ಯಾರಾದರೂ ಪೆನ್ನಿಯನ್ನು ನೋಡುವುದನ್ನು ಕಲಿಯಬಹುದು.

ನೆರಳು, ಎರಡಕ್ಷರ, ಆರಕ್ಷರ

ಐದನೆಯ ಜಾರ್ಜ್ ದೊರೆಯ ಪೆನ್ನಿಗಳು 1911ರಿಂದ ತೊಡಗುತ್ತವೆ. ಮುಖವನ್ನು ರೂಪಿಸಿದವನು ಮೆಲ್ಬರ್ನ್‌ನಲ್ಲಿ ಹುಟ್ಟಿದ ಬರ್ಟ್ರಮ್ ಮೆಕೆನ್ನಲ್. ನಮ್ಮ ಹಿರಿಯರು ಬಳಸಿದ ಅದೇ ದೊರೆಯ ರೂಪಾಯಿಯ ಮುಖವೂ ಈತನ ಕೆಲಸವೇ. 1911ರ ಆ ರೂಪಾಯಿಯಲ್ಲಿ ದೊರೆಯ ಕೊರಳ ಪದಕಮಾಲೆಯಲ್ಲಿದ್ದ ಸಣ್ಣ ಆನೆಯ ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ತೋರಿತೆಂದು ದೊಡ್ಡ ಗದ್ದಲವಾಗಿ, ಮುಂದಿನ ವರ್ಷ ಅಚ್ಚನ್ನೇ ತಿದ್ದಬೇಕಾಯಿತು. ಸಾಸಿವೆಯಷ್ಟು ಲೋಹ ಒಂದು ದೇಶದ ಮನಸ್ಸನ್ನು ಕದಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪೆನ್ನಿಯಲ್ಲಿ ಮೆಕೆನ್ನಲನ ಸಮಸ್ಯೆ ಬೇರೆಯಾಗಿತ್ತು. ದೊರೆಯ ತಲೆ ಹಿರಿದಾಗಿಯೂ ಉಬ್ಬಾಗಿಯೂ ಇದ್ದುದರಿಂದ, ಒತ್ತಿದಾಗ ಬಿಲ್ಲೆಯ ಲೋಹ ಆ ತಗ್ಗನ್ನು ತುಂಬಲು ಅತ್ತ ಹರಿದು, ಬೆನ್ನಿನಲ್ಲಿ ಬ್ರಿಟಾನಿಯಾಳ ಸುತ್ತ ದೊರೆಯ ತಲೆಯ ಮಸುಕಾದ ನೆರಳು ಮೂಡುತ್ತಿತ್ತು. ಆ ಕಾಲದ ಪೆನ್ನಿಯೊಂದನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಈ ಭೂತಚ್ಛಾಯೆಯನ್ನು ಯಾರು ಬೇಕಾದರೂ ಕಾಣಬಹುದು. ಇದನ್ನು ನೀಗಲು 1926ರಲ್ಲಿ ಮುಖವನ್ನು ತಿದ್ದಿದರು; ತಿದ್ದಿದ ಮುಖದ 1926ರ ಪೆನ್ನಿ ಬಹು ವಿರಳ. ಎರಡನ್ನೂ ಬೇರ್ಪಡಿಸುವ ಗುರುತು ದೊರೆಯ ಕತ್ತು ಕಡಿದ ಅಂಚಿನಲ್ಲಿದೆ: ಹಳೆಯ ಮುಖದಲ್ಲಿ ಶಿಲ್ಪಿಯ ಹೆಸರಿನ ಬಿ. ಎಂ. ಎಂಬ ಎರಡಕ್ಷರಗಳು ಚುಕ್ಕೆಗಳೊಡನೆ ಅಂಚಿನ ನಡುವಿನಲ್ಲಿವೆ. ತಿದ್ದಿದ ಮುಖದಲ್ಲಿ ಅವು ಚುಕ್ಕೆಗಳನ್ನು ಕಳೆದುಕೊಂಡು ಬಲಕ್ಕೆ ಸರಿದಿವೆ. 1928ರಲ್ಲಿ ತಲೆಯನ್ನೇ ಕಿರಿದುಗೊಳಿಸಿದರು. ಇದೇ ದೊರೆಯ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಗುತ್ತಿಗೆ ಮತ್ತೆ ಬಂದಿತು: 1912, 1918 ಮತ್ತು 1919ರಲ್ಲಿ ಇಸವಿಯ ಎಡಕ್ಕೆ ಎಚ್ ಇರುವವು ಹಳೆಯ ಹೀಟನ್ ಟಂಕಸಾಲೆಯವು, 1918 ಮತ್ತು 1919ರಲ್ಲಿ ಕೆ. ಎನ್. ಇರುವವು ಕಿಂಗ್ಸ್ ನಾರ್ಟನ್ ಲೋಹದ ಕಂಪನಿಯವು. ಇನ್ನು 1933ರ ಪೆನ್ನಿಯ ಖ್ಯಾತಿ ಲೋಕವಿದಿತ: ಆ ವರ್ಷ ಹೊಸ ಪೆನ್ನಿಯ ಅಗತ್ಯವೇ ಇರದಿದ್ದುದರಿಂದ ಕಟ್ಟಡಗಳ ಅಡಿಗಲ್ಲಿನ ಕೆಳಗಿಡಲು ಮತ್ತು ಸಂಗ್ರಹಾಲಯಗಳಿಗೆ ಕೊಡಲು ಬೆರಳೆಣಿಕೆಯಷ್ಟನ್ನು ಮಾತ್ರ ಅಚ್ಚುಹಾಕಿದರು. ಅದನ್ನು ಹುಡುಕುತ್ತ ಉಳಿದುದನ್ನೆಲ್ಲ ಕಡೆಗಣಿಸಿದವರು ಅನೇಕರು.

ಆರನೆಯ ಜಾರ್ಜ್ ದೊರೆಯ 1937ರ ಪೆನ್ನಿಯಲ್ಲಿ ದೀಪಸ್ತಂಭ ಮರಳಿ ಬಂದಿತು. 1940ರಲ್ಲಿ ಬ್ರಿಟಾನಿಯಾಳ ಪಾದದ ಕೆಳಗಿನ, ಇಸವಿಯ ಮೇಲಿನ ಗೆರೆ ಕೆಲವದರಲ್ಲಿ ಒಂದೆಳೆ, ಕೆಲವದರಲ್ಲಿ ಎರಡೆಳೆ. ಎರಡನೆಯ ಮಹಾಯುದ್ಧದಲ್ಲಿ ತವರ ದುರ್ಲಭವಾಗಿ ಮಿಶ್ರಣವನ್ನು ಬದಲಿಸಿದಾಗ ಹೊಸ ನಾಣ್ಯಗಳು ಬೇಗ ಕಲೆಗಟ್ಟತೊಡಗಿದುವು; ಆದಕಾರಣ 1944ರಿಂದ 1946ರವರೆಗಿನವನ್ನು ಟಂಕಸಾಲೆಯಲ್ಲಿಯೇ ರಾಸಾಯನಿಕದಿಂದ ಕಪ್ಪಾಗಿಸಿ ಹೊರಬಿಟ್ಟರು. ಅವುಗಳ ಕಪ್ಪನ್ನು ಕೊಳೆಯೆಂದು ತಿಳಿದು ಉಜ್ಜಿದವರು ಎಷ್ಟು ಮಂದಿಯೋ.

ಭಾರತೀಯನ ಕಣ್ಣು ಮಾತ್ರ ತಾನಾಗಿ ಹೋಗಿ ನಿಲ್ಲುವ ಪಾಠಾಂತರವೊಂದು ಇಲ್ಲಿದೆ. ವಿಕ್ಟೋರಿಯಾ ರಾಣಿಗೆ ಭಾರತದ ಚಕ್ರವರ್ತಿನಿಯೆಂಬ ಬಿರುದನ್ನು 1876ರ ಶಾಸನದಿಂದ ತಂದರಾದರೂ ಪೆನ್ನಿಯ ಮೇಲೆ ಅದು ಕಾಣಿಸಿಕೊಂಡುದು 1895ರ ಮುಸುಕಿನ ಮುಖದಲ್ಲಿ: ‘ಇಂಡ್ ಇಂಪ್’ ಎಂಬ ಲ್ಯಾಟಿನ್ ಸಂಕ್ಷೇಪದ ಆರು ಅಕ್ಷರಗಳು. ಅವು ನಾಲ್ಕು ಪ್ರಭುಗಳ ಕೊರಳ ಸುತ್ತ ಅರ್ಧ ಶತಮಾನವನ್ನು ಕಳೆದುವು. 1948ರ ಪೆನ್ನಿಯಲ್ಲಿ ಅವು ಇವೆ, 1949ರದರಲ್ಲಿ ಇಲ್ಲ. ಎರಡನ್ನೂ ತಾಯಿಯ ಮುಂದಿಟ್ಟು, ಇಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿದೆ. ಇಂಗ್ಲಿಷ್ ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದಬಲ್ಲ ಅವರು ಸುತ್ತಲೂ ಬೆರಳು ತಿರುಗಿಸಿ ಕಂಡುಹಿಡಿದು, ಅದರ ಅರ್ಥವನ್ನು ನಾನು ಹೇಳಿದಾಗ, “ಒಳ್ಳೇದಾಯ್ತು ಬಿಡು” ಎಂದರು. ಸ್ವಾತಂತ್ರ್ಯದ ಚರಿತ್ರೆಯನ್ನು ನಾನು ಅನೇಕ ಗ್ರಂಥಗಳಲ್ಲಿ ಓದಿದ್ದೇನೆ. ಖಾಲಿ ಬಿಟ್ಟ ಆರಕ್ಷರಗಳಲ್ಲಿ ಅದನ್ನು ಮುಟ್ಟಿ ನೋಡಿದ್ದು ಅದೊಂದೇ ಸಲ.

ಓದಲಾಗದವು

ನನ್ನ 114ರಲ್ಲಿ ಹನ್ನೊಂದು ನಾಣ್ಯಗಳನ್ನು ಇಂದಿಗೂ ಗುರುತಿಸಲಾಗಿಲ್ಲ. ಅವುಗಳಲ್ಲಿ ತುರುಬಿನ ಒಂದು ಪೆನ್ನಿಯಂತೂ ತಲೆಯ ಹೊರಗೆರೆಯೂ ತ್ರಿಶೂಲದ ಕಾವೂ ಹೊರತು ಮಿಕ್ಕುದೆಲ್ಲ ಸವೆದು ನುಣ್ಣಗಾಗಿದೆ. ಮೊದಮೊದಲು, ಇದು ಇಂಥ ವಿರಳ ಬಗೆಯಾಗಿರಬಹುದೆಂದು ಊಹಿಸಿ ಚೀಟಿ ಬರೆಯುವ ಆಸೆಯಾಗುತ್ತಿತ್ತು. ಪ್ರಾಮಾಣಿಕನಾದ ಗ್ರಂಥಸಂಪಾದಕನು ಗೆದ್ದಲು ತಿಂದ ಸಾಲನ್ನು ತನ್ನ ಕವಿತ್ವದಿಂದ ತುಂಬುವುದಿಲ್ಲ. ಎಷ್ಟು ಅಕ್ಷರಗಳು ಹೋಗಿವೆಯೋ ಅಷ್ಟು ಚುಕ್ಕೆಗಳನ್ನಿಟ್ಟು ಮುಂದಕ್ಕೆ ಸಾಗುತ್ತಾನೆ. ನಾನೂ ಆ ಹನ್ನೊಂದನ್ನು ಬೇರೆ ಲಕೋಟೆಯಲ್ಲಿಟ್ಟು, ಮೇಲೆ ‘ಓದಲಾಗದವು’ ಎಂದು ಬರೆದಿದ್ದೇನೆ. ಈ ವಿದ್ಯೆ ನನಗೆ ಕಲಿಸಿದ ಗುಣಗಳಲ್ಲಿ ಆ ಸಂಯಮವನ್ನು ನಾನು ಎಲ್ಲಕ್ಕಿಂತ ಮೇಲೆ ಎಣಿಸುತ್ತೇನೆ.

ಲೋಹದ ಬೆಲೆಗೋ ಮಾರುಕಟ್ಟೆಯ ಬೆಲೆಗೋ ಇವನ್ನು ಕೂಡಿಡುವವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ನನ್ನ ಪಾಲಿಗೆ ಇವುಗಳ ಬೆಲೆ ಬೇರೆ. ವಯಾನನ ಹೆಸರನ್ನು ಚರಿತ್ರೆ ಬಲ್ಲುದು, ಮೆಕೆನ್ನಲನ ಹೆಸರನ್ನು ಬಲ್ಲುದು. 5ನ್ನು 3ರ ಮೇಲೆ ಹೊಡೆದವನ ಹೆಸರನ್ನಾಗಲಿ, ಮಣಿಯಂಚಿನ ಅಚ್ಚನ್ನು ಹಲ್ಲಂಚಿನ ಅಚ್ಚಿಗೆ ಜೋಡಿಸಿದವನ ಹೆಸರನ್ನಾಗಲಿ ಯಾರೂ ಬರೆದಿಡಲಿಲ್ಲ. ಅವರು ಬಿಟ್ಟುಹೋದ ಬರಹವೆಲ್ಲ ಇಷ್ಟೆ: ಒಂದು ಮಿಲಿಮೀಟರಿನ ಅಂತರ, ವಾಲಿದ ಒಂದು ಅಂಕಿ. ಅದನ್ನು ಓದುವವನೊಬ್ಬ ಇರಬೇಕಾದುದು ನ್ಯಾಯ.

ತಾಯಿ ಊರಿಗೆ ಮರಳಿ ಬಹಳ ಕಾಲವಾಯಿತು. ದೂರವಾಣಿಯಲ್ಲಿ ಮಾತನಾಡುವಾಗ ಮಳೆಯ ವಿಚಾರ ಮುಗಿದ ಮೇಲೆ, “ಆ ನೀರು ಇಳಿದ ಕಾಸು ಜೋಪಾನವಾಗಿದೆಯೇನಪ್ಪ?” ಎಂದು ಕೇಳುವುದನ್ನು ಅವರು ಮರೆಯುವುದಿಲ್ಲ. ಅದು ಜೋಪಾನವಾಗಿದೆ. ಹುಣಸೆಹಣ್ಣಿನಿಂದ ಬೆಳಗಿದ ಮೂರನ್ನೂ ನಾನು ಬಿಸಾಡದೆ, ಅದರ ಪಕ್ಕದಲ್ಲಿಯೇ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ತೆಗೆದು ನೋಡುತ್ತೇನೆ. ಹಸಿಗೆಂಪು ಅಡಗಿ, ಮೊದಲು ಇಟ್ಟಿಗೆಯ ಬಣ್ಣಕ್ಕೆ, ಈಚೆಗೆ ಬೆಲ್ಲದ ಬಣ್ಣಕ್ಕೆ ಅವು ಮೆಲ್ಲಮೆಲ್ಲನೆ ತಿರುಗುತ್ತಿವೆ. 1860ರದರ ಅಂಚಿನ ಮಣಿಗಳನ್ನು ಈಗಲೂ ಒಂದೊಂದಾಗಿ ಎಣಿಸಬಹುದು.